ಓದುಗರ ಪ್ರಶ್ನೆ, ನಮ್ಮ ಉತ್ತರ: ಉದ್ದದ ಫ್ರೆಂಚ್ ಪದವನ್ನು ಎಲ್ಲಿ ಬಿಡಿಸುವುದು?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಫ್ರೆಂಚ್ ಉಚ್ಚಾರದ ಬಗ್ಗೆ ಬಂದಿವೆ. ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡವರು, ಹೋಟೆಲ್ ಮ್ಯಾನೇಜ್‌ಮೆಂಟ್ ಓದುವವರು, ಕೆನಡಾಕ್ಕೆ ಹೊರಟವರು, ಎಲ್ಲರಿಗೂ ತೊಡಕು ಒಂದೇ: ಪದ ಉದ್ದವಾದ ಕೂಡಲೇ ನಾಲಿಗೆ ತಡವರಿಸುತ್ತದೆ.

ಉತ್ತರ ಓದುವ ಮೊದಲು ಗುರುತುಗಳನ್ನು ನೋಡಿಕೊಳ್ಳಿ. ಚಂದ್ರಬಿಂದು (ಁ) ಇದ್ದಲ್ಲಿ ಸ್ವರ ಮೂಗಿನಿಂದ ಬರಬೇಕು, ಹಿಂದಿಯ ‘ಮಾಁ’ ಇದ್ದ ಹಾಗೆ. ಪುಟ್ಟ ಸೊನ್ನೆ (°) ಇದ್ದಲ್ಲಿ ನಾಲಿಗೆ ಬರೆದ ಸ್ವರದ್ದೇ, ತುಟಿ ಮಾತ್ರ ದುಂಡಗೆ. ‘ಏ’ ಎಂದರೆ ಬಾಯಿ ಕಿರಿದು ಮಾಡಿ ಹೇಳುವ ಸ್ವರ, ‘ಎ’ ಎಂದರೆ ಬಾಯಿ ಅಗಲಿಸಿ ಹೇಳುವ ಸ್ವರ. ಇಲ್ಲಿ ಹ್ರಸ್ವ-ದೀರ್ಘದ ಲೆಕ್ಕವಿಲ್ಲ. ‘ಝ’ ಬಂದರೆ ‘ಟೆಲಿವಿಝನ್’ ಪದದ ನಡುವಿನ ಧ್ವನಿ, ‘ಜ಼’ ಬಂದರೆ ಇಂಗ್ಲಿಷಿನ ‘ಜ಼ೆಡ್’ ಅಕ್ಷರದ ಧ್ವನಿ. ರೋಮನ್ ಅಕ್ಷರಗಳಿಗೆ ನಾವು ದಿನಾ ಕರೆಯುವ ಇಂಗ್ಲಿಷ್ ಹೆಸರನ್ನೇ ಬಳಸಿದ್ದೇವೆ: ‘ಎ’, ‘ಈ’, ‘ಐ’, ‘ಎನ್’, ‘ಟಿ’ ಹೀಗೆ.

ಪ್ರಶ್ನೆ: ‘ಸಂವಿಧಾನಕ್ಕೆ ವಿರುದ್ಧವಾಗಿ’ ಎಂಬ ಅರ್ಥದ 25 ಅಕ್ಷರಗಳ ಒಂದು ಫ್ರೆಂಚ್ ಪದವನ್ನು ಕ್ಲಾಸಿನಲ್ಲಿ ಕೊಟ್ಟಿದ್ದಾರೆ. ನಡುವಿಗೆ ಬರುವಾಗ ದಾರಿ ತಪ್ಪುತ್ತದೆ. ಇಂಥ ಪದವನ್ನು ಬಿಡಿಸುವ ಕ್ರಮ ಇದೆಯೇ?
(ಪಿಯುಸಿ ವಿದ್ಯಾರ್ಥಿನಿ, ಕಾರ್ಕಳ)

ಉತ್ತರ: ಇದೆ, ಮತ್ತು ಅದು ಕನ್ನಡ ಬಲ್ಲವರಿಗೆ ಇಂಗ್ಲಿಷ್ ಬಲ್ಲವರಿಗಿಂತ ಸುಲಭ. ಫ್ರೆಂಚಿನಲ್ಲಿ ವ್ಯಂಜನ ತನ್ನ ಮುಂದಿರುವ ಸ್ವರಕ್ಕೆ ಅಂಟಿಕೊಳ್ಳುತ್ತದೆ, ನಮ್ಮ ಕಾಗುಣಿತದ ಹಾಗೆ. ‘ಕಮಲ’ ನಮಗೆ ಕ-ಮ-ಲ. ಕಮ್-ಅಲ್ ಎಂದು ಯಾರೂ ಒಡೆಯುವುದಿಲ್ಲ. ಪ್ರಾಣಿ ಎಂಬ ಅರ್ಥದ ಫ್ರೆಂಚ್ ಪದವೂ ಆ-ನಿ-ಮಾಲ್. ಅದನ್ನು ಇಂಗ್ಲಿಷಿನ ‘ಆನ್-ಇಮಲ್’ ರೀತಿ ಒಡೆದರೆ ಅಲ್ಲಿಂದಲೇ ಲಯ ಕೆಡುತ್ತದೆ.

ಎರಡು ಸ್ವರಗಳ ನಡುವೆ ಎರಡು ವ್ಯಂಜನ ಬಂದರೆ ಒಂದು ಹಿಂದಕ್ಕೆ, ಒಂದು ಮುಂದಕ್ಕೆ: ಹೊರಡು ಎಂಬುದಕ್ಕೆ ಪಾರ್-ತಿರ್. ಆದರೆ ಎರಡನೆಯದು ‘ಎಲ್’ ಅಥವಾ ‘ಆರ್’ ಆಗಿದ್ದರೆ ಸಾಮಾನ್ಯವಾಗಿ ಎರಡೂ ಒಟ್ಟಿಗೆ ಮುಂದಕ್ಕೆ ಹೋಗುತ್ತವೆ: ‘ನಂತರ’ ಎಂಬುದು ಆ-ಪ್ರೆ, ಚಿತ್ರಪಟ ತಾ-ಬ್ಲೋ. ‘ಸಿ-ಎಚ್’, ‘ಪಿ-ಎಚ್’, ‘ಟಿ-ಎಚ್’, ‘ಜಿ-ಎನ್’ ಜೋಡಿಗಳು ನೋಟಕ್ಕೆ ಎರಡು, ಲೆಕ್ಕಕ್ಕೆ ಒಂದೇ ವ್ಯಂಜನ.

ಇಲ್ಲಿ ನಮ್ಮ ಲಿಪಿ ಒಂದು ಕಡೆ ಕಣ್ಣಿಗೆ ಮೋಸ ಮಾಡುತ್ತದೆ. ‘ಪುಸ್ತಕ’ವನ್ನು ಪು-ಸ್ತ-ಕ ಎಂದು ಬರೆದರೂ ಬಾಯಲ್ಲಿ ಬರುವುದು ಪುಸ್-ತ-ಕ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಪ್ರಸ್ತಾರ ಹಾಕುವಾಗ ಕಲಿಸುವುದು ಇದೇ ಕಾರಣಕ್ಕೆ. ಆ ಛಂದಸ್ಸಿನ ಕಿವಿಯನ್ನೇ ಫ್ರೆಂಚಿಗೂ ಇಟ್ಟುಕೊಳ್ಳಿ, ಬರೆದ ಒತ್ತನ್ನು ನಂಬಬೇಡಿ.

ಈಗ ನಿಮ್ಮ ಪದ. ಅದನ್ನು ಹಿಂದಿನಿಂದ ಕಟ್ಟಿಕೊಂಡು ಬನ್ನಿ:

ಮಾಁ
ನೆಲ್-ಮಾಁ
ಸ್ಯೊ-ನೆಲ್-ಮಾಁ
ತಿ°-ಸ್ಯೊ-ನೆಲ್-ಮಾಁ
ತಿ-ತಿ°-ಸ್ಯೊ-ನೆಲ್-ಮಾಁ
ಕೋಁಸ್-ತಿ-ತಿ°-ಸ್ಯೊ-ನೆಲ್-ಮಾಁ
ಆಁ-ತಿ-ಕೋಁಸ್-ತಿ-ತಿ°-ಸ್ಯೊ-ನೆಲ್-ಮಾಁ

ಬರಹದಲ್ಲಿ 9 ತುಂಡು (ಸಿಲಬಲ್), ಮಾತಿನಲ್ಲಿ 8: ‘ನೆಲ್’ ಆದ ಮೇಲಿನ ‘ಲ’ ಬಾಯಲ್ಲಿ ಬಿದ್ದುಹೋಗುತ್ತದೆ. ಹಿಂದಿನಿಂದ ಯಾಕೆ ಎಂದರೆ, ಫ್ರೆಂಚಿನಲ್ಲಿ ಕೊನೆಯ ತುಂಡು ಮಾತ್ರ ಸ್ವಲ್ಪ ಎಳೆದು ಬರುತ್ತದೆ, ಉಳಿದವೆಲ್ಲ ಸಮ. ಕೊನೆ ಗಟ್ಟಿಯಾಗಿದ್ದರೆ ಪ್ರತಿ ಸಲವೂ ಗೊತ್ತಿದ್ದ ಜಾಗಕ್ಕೇ ಹೋಗಿ ನಿಲ್ಲುತ್ತೀರಿ. ಎಡದಿಂದ ಶುರು ಮಾಡಿದರೆ ಉಸಿರು ಮುಗಿಯುವ ಹೊತ್ತಿಗೆ ಹೊಸ ಭಾಗ ಎದುರಾಗುತ್ತದೆ. ಒಂದು ತುಂಡಿಗೆ ಒಂದು ತಟ್ಟು ಎಂದು ಮೇಜಿನ ಮೇಲೆ ಬೆರಳಿಂದ ಲೆಕ್ಕ ಹಿಡಿಯಿರಿ. ಎಂಟೂ ತಟ್ಟಿನ ನಡುವೆ ಒಂದೇ ಅಂತರ ಇರಲಿ.

ಎಡವುವ ಜಾಗ ಮೂರು. ಮೊದಲನೆಯದು ‘ಟಿ’. ಇಂಗ್ಲಿಷಿನ ‘ಟಿ’ಗೆ ನಾವು ‘ಟ’ ಹಾಕಿ ಅಭ್ಯಾಸ. ಫ್ರೆಂಚಿಗೆ ನಮ್ಮ ‘ತ’ ಸರಿ, ‘ಡಿ’ಗೆ ‘ದ’. ಹಲ್ಲಿಗೆ ನಾಲಿಗೆ ತಾಗಿಸಿ, ಗಾಳಿ ಊದದೆ ಹೇಳಿ. ಇಷ್ಟೊಂದನ್ನು ತಿದ್ದಿಕೊಂಡರೆ ಅರ್ಧ ಉಚ್ಚಾರ ಸುಧಾರಿಸುತ್ತದೆ. ಎರಡನೆಯದು ‘ಟಿ-ಐ-ಓ-ಎನ್’. ಅದು ‘ಷನ್’ ಅಲ್ಲ, ‘ಸ್ಯೋಁ’. ಅದಕ್ಕಿಂತ ಹಿಂದೆ ‘ಎಸ್’ ಇದ್ದರೆ ಮಾತ್ರ ‘ತ್ಯೋಁ’: ಪ್ರಶ್ನೆ ಎಂಬ ಅರ್ಥದ್ದು ಕೆಸ್-ತ್ಯೋಁ. ನಿಮ್ಮ ಪದದಲ್ಲಿ ‘ಎನ್’ ಎರಡಾಗಿ ಮುಂದೆ ಸ್ವರ ಬಂದಿರುವುದರಿಂದ ಮೂಗಿನ ಸ್ವರ ಹೋಗಿ ಬರೇ ‘ಸ್ಯೊ’ ಉಳಿಯುತ್ತದೆ. ಮೂರನೆಯದು ಒತ್ತು. ಇಂಗ್ಲಿಷಿನ ‘ಕಾನ್‌ಸ್ಟಿಟ್ಯೂಷನ್’ನಲ್ಲಿ ‘ಟ್ಯೂ’ ಮೇಲೆ ಬೀಳುವ ಭಾರವನ್ನು ಇಲ್ಲಿಗೆ ಹೊತ್ತು ತರಬೇಡಿ.

ಪ್ರಶ್ನೆ: ಬರಹದಲ್ಲಿ 5 ತುಂಡು ಇರುವ ‘ಅಭಿವೃದ್ಧಿ’ ಎಂಬ ಅರ್ಥದ ಪದ ಆಡಿಯೊದಲ್ಲಿ 3 ತುಂಡಾಗಿ ಕೇಳುತ್ತದೆ. ಯಾವುದು ಸರಿ? ಪರೀಕ್ಷೆಯಲ್ಲಿ ಯಾವುದನ್ನು ಹೇಳಬೇಕು?
(ಓದುಗರು, ಮೂಡುಬಿದಿರೆ)

ಉತ್ತರ: ಎರಡೂ ಸರಿ. ಒಂದು ಬರಹದ ಲೆಕ್ಕ, ಇನ್ನೊಂದು ಮಾತಿನ ಲೆಕ್ಕ. ಬರಹದಲ್ಲಿ ದೇ-ವ-ಲೊಪ್-ಪ-ಮಾಁ, ಮಾತಿನಲ್ಲಿ ದೇವ್-ಲೊಪ್-ಮಾಁ. ಬಿದ್ದುಹೋದದ್ದು ಮೇಲೆ ಯಾವ ಗುರುತೂ ಇಲ್ಲದ ‘ಈ’ ಅಕ್ಷರ. ನಾವು ‘ಬರುತ್ತೇನೆ’ ಎಂದು ಬರೆದು ‘ಬರ್ತೇನೆ’ ಎನ್ನುವುದಿಲ್ಲವೇ, ‘ಮಾಡುತ್ತಾರೆ’ಯನ್ನು ‘ಮಾಡ್ತಾರೆ’ ಮಾಡುವುದಿಲ್ಲವೇ? ಅದೇ ಕೆಲಸ.

ಆದರೆ ಎಲ್ಲ ಕಡೆಯೂ ಬೀಳಿಸುವಂತಿಲ್ಲ. ಮೊರೀಸ್ ಗ್ರಾಮೋಁ ಎಂಬ ಫ್ರೆಂಚ್ ವಿದ್ವಾಂಸರು ಇದನ್ನು ‘ಮೂರು ವ್ಯಂಜನಗಳ ನಿಯಮ’ ಎಂದು ಕರೆದರು. ಆ ‘ಈ’ ತೆಗೆದರೆ ಮೂರು ವ್ಯಂಜನ ಒಂದರ ಹಿಂದೆ ಒಂದು ರಾಶಿ ಬೀಳುತ್ತವೆಯೇ ನೋಡಿ. ಬೀಳುತ್ತದಾದರೆ ‘ಈ’ ಉಳಿಯಬೇಕು. ಶನಿವಾರ ‘ಸಾಮ್-ದಿ’, ಯಾಕೆಂದರೆ ‘ಮ್’ ‘ದ್’ ಎರಡೇ. ಶುಕ್ರವಾರ ‘ವಾಁ-ದ್ರ-ದಿ’, ಅಲ್ಲಿ ತೆಗೆದರೆ ‘ದ್’ ‘ರ್’ ‘ದ್’ ಸಿಕ್ಕಿಹಾಕಿಕೊಳ್ಳುತ್ತವೆ. ವೈದ್ಯ ‘ಮೇದ್-ಸೆಁ’, ಬೇಕರಿ ‘ಬೂ-ಲಾಁಝ್-ರಿ’. ಫ್ಲ್ಯಾಟಿಗೆ ‘ಆ-ಪಾರ್-ತ-ಮಾಁ’, ಸರಕಾರಕ್ಕೆ ‘ಗೂ-ವೆರ್-ನ-ಮಾಁ’. ಈ ಎರಡರಲ್ಲಿ 4 ತುಂಡೂ ಬೇಕು. ಹೀಗೆ ಉಳಿದ ‘ಈ’ಯನ್ನು ನಾವು ‘ಅ’ಕಾರದಿಂದ ಬರೆದಿದ್ದರೂ ಹೇಳುವಾಗ ತುಟಿ ತುಸು ಮುಂದೆ ಬರಲಿ, ಬಾಯಿ ಪೂರ್ತಿ ತೆರೆಯುವುದು ಬೇಡ.

ಪದದ ಕಟ್ಟಕಡೆಯಲ್ಲಿ ಗುರುತಿಲ್ಲದ ‘ಈ’ ಇದ್ದರೆ ಪ್ಯಾರಿಸಿನ ಮಾತಿನಲ್ಲಿ ಅದು ಕೇಳುವುದೇ ಇಲ್ಲ. ದಕ್ಷಿಣ ಫ್ರಾನ್ಸಿನವರು ಹೇಳುತ್ತಾರೆ. ಅವರ ಹಾಡುವಂಥ ರಾಗಕ್ಕೆ ಅದೂ ಒಂದು ಕಾರಣ. ಹಳೆಯ ಪದ್ಯದಲ್ಲೂ ಅದಕ್ಕೆ ಬೆಲೆ ಇದೆ. ‘ಆಲೆಕ್ಸಾಁದ್ರೆಁ’ ಎಂಬ ಸಾಲಿಗೆ 12 ತುಂಡು ಬೇಕು. ‘ಈ’ ಆದ ಮೇಲೆ ವ್ಯಂಜನ ಬಂದರೆ ಅದು ಆ ಲೆಕ್ಕಕ್ಕೆ ಸೇರುತ್ತದೆ, ಸ್ವರ ಬಂದರೂ ಸಾಲಿನ ಕೊನೆಯಲ್ಲಿದ್ದರೂ ಸೇರುವುದಿಲ್ಲ. ನಮ್ಮ ಭಾಮಿನಿ ಷಟ್ಪದಿಯ ಹಾಗೆ 14 ಮಾತ್ರೆ, 23 ಮಾತ್ರೆ ಎಂದು ಎಣಿಸುವ ಪದ್ಧತಿ ಅಲ್ಲಿಲ್ಲ. ಗುರುವಾಗಲಿ ಲಘುವಾಗಲಿ, ತುಂಡು ಒಂದೇ.

ಪರೀಕ್ಷೆಯ ವಿಷಯ: ಡೆಲ್ಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆಯ 100 ಅಂಕಗಳಲ್ಲಿ 25 ಮಾತಿಗೆ. ನಿಧಾನವಾಗಿ ಓದುವಾಗ ನಡುವಿನ ‘ಈ’ ಉಳಿಸಿಕೊಂಡರೆ ತಪ್ಪಲ್ಲ. ಬೀಳಬಾರದ್ದನ್ನು ಬೀಳಿಸಿ ಪದ ಒಡೆದುಹೋದರೆ ಮಾತ್ರ ಎದುರಿನವರಿಗೆ ಅರ್ಥವಾಗುವುದಿಲ್ಲ. ಮೊದಲು ಉಳಿಸಿ ಓದಿ ಕಲಿಯಿರಿ, ಆಮೇಲೆ ಬೀಳಿಸಿ.

ಒಂದು ಉಪಯೋಗದ ಸಂಗತಿ. ‘ಘಟನೆ’ ಎಂಬ ಪದವನ್ನು ಹಿಂದೆ ಮೊದಲ ಎರಡೂ ‘ಈ’ ಮೇಲೆ ಬಲಕ್ಕೆ ಏರುವ ಗೀಟು ಹಾಕಿ ಬರೆಯುತ್ತಿದ್ದರು, ಹೇಳುವುದು ಮಾತ್ರ ಏ-ವೆನ್-ಮಾಁ. ಮೂರನೆಯ ‘ಈ’ ಬಿದ್ದ ಕೂಡಲೇ ಎರಡನೆಯ ತುಂಡು ವ್ಯಂಜನದಿಂದ ಮುಚ್ಚಿಕೊಳ್ಳುತ್ತದೆ, ಸ್ವರ ಅಗಲವಾಗುತ್ತದೆ. 1990ರ ಕಾಗುಣಿತ ಸುಧಾರಣೆ ಆ ಎರಡನೆಯ ಗೀಟನ್ನು ಎಡಕ್ಕೆ ತಿರುಗಿಸಿ ಬರೆಯಲು ಒಪ್ಪಿತು. ಹಾಗಾಗಿ ಎರಡು ನಿಘಂಟಿನಲ್ಲಿ ಎರಡು ರೂಪ ಕಂಡರೆ ಗಾಬರಿ ಬೇಡ.

ಪ್ರಶ್ನೆ: ಮೆನು ಕಾರ್ಡಿನ ಫ್ರೆಂಚ್ ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ‘ಐ-ಎಲ್-ಎಲ್’ ಬಂದಲ್ಲಿ ಲಕಾರವೋ ಯಕಾರವೋ?
(ಹೋಟೆಲ್ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿ, ಮಣಿಪಾಲ)

ಉತ್ತರ: ಯಕಾರ ಎಂದುಕೊಂಡರೆ ಬಹುಪಾಲು ಸರಿ. ಬದನೆ, ಟೊಮೆಟೊ ಹಾಕಿದ ತರಕಾರಿ ಪದಾರ್ಥ ರಾ-ತಾ-ತೂಯ್, ಮೂರೇ ತುಂಡು. ‘ರಟಟೂಲೆ’ ಎಂದರೆ ಕೊನೆಯ ‘ಈ’ಗೂ ಜೀವ ಕೊಟ್ಟ ಹಾಗಾಯಿತು. ಮೀನಿನ ಸಾರು ಬೂ-ಯಾ-ಬೆಸ್. ಲಕಾರವೇ ಉಳಿಯುವ ಮುಖ್ಯ ಪದಗಳು ಮೂರು: ಸಾವಿರ (ಮಿಲ್), ಪಟ್ಟಣ (ವಿಲ್), ಶಾಂತ (ತ್ರಾಁ-ಕಿಲ್). ಪದರ ಪದರದ ಪೇಸ್ಟ್ರಿಯ ಹೆಸರಿನಲ್ಲಿ ಎರಡೂ ಒಟ್ಟಿಗೆ ಬರುತ್ತವೆ: ಮಿಲ್-ಫೆ°ಯ್. ಮೊದಲರ್ಧ ‘ಸಾವಿರ’, ಅಲ್ಲಿ ಲಕಾರ. ಎರಡನೆಯದು ‘ಎಲೆ’, ಅಲ್ಲಿ ಯಕಾರ. ಈ ಒಂದು ಪದ ನೆನಪಿದ್ದರೆ ನಿಯಮವೂ ನೆನಪಿರುತ್ತದೆ.

ಮೆನುವಿನ ಇನ್ನು ಕೆಲವು: ಕೋಁ-ಸೊ-ಮೇ (ತಿಳಿ ಸೂಪ್, ಮೊದಲ ತುಂಡು ಮೂಗಿನಿಂದ, ಎರಡು ‘ಎಂ’ ಇರುವ ಎರಡನೆಯದು ಅಲ್ಲ), ಮಾ-ಯೊ-ನೆಜ಼್, ಆಁ-ತ್ರ-ಕೋತ್, ಕ್ರೆಮ್-ಬ್ರಿ°-ಲೇ, ಕ್ರ್ವಾ-ಸಾಁ. ಊಟಕ್ಕೆ ಮುಂಚಿನ ತಿಂಡಿ ಒರ್-ದೆ°ವ್ರ್: ಶುರುವಿನ ‘ಎಚ್’ ಇಲ್ಲ, ‘ಎಸ್’ ಇಲ್ಲ. ‘ಈ-ಟಿ’ ಎಂದು ಮುಗಿಯುವ ಬಿ°-ಫೆ, ಗೂರ್-ಮೆ, ಫಿ-ಲೆ ಪದಗಳಲ್ಲಿ ‘ಟಿ’ ಕೇಳುವುದಿಲ್ಲ. ಕೊನೆಗೆ ವ್ಯಂಜನ ನಿಂತಲ್ಲಿ ಕನ್ನಡದ ಅಭ್ಯಾಸದಿಂದ ‘ಉ’ ಸೇರಿಸಬೇಡಿ. ‘ಬೆಸ್ಸು’, ‘ನೆಜ಼ು’ ಎಂದರೆ ಒಂದು ತುಂಡು ಹೆಚ್ಚಾಗುತ್ತದೆ.

ಪ್ರಶ್ನೆ: ಮಗನಿಗೆ ‘ಒಳ್ಳೆಯ’ ಎಂಬ ಪದ ಒಮ್ಮೆ ಮೂಗಿನಿಂದ, ಒಮ್ಮೆ ಮೂಗಿಲ್ಲದೆ ಹೇಳಿಕೊಟ್ಟಿದ್ದಾರೆ. ನಮ್ಮ ಮನೆಮಾತು ಕೊಂಕಣಿ. ಇದನ್ನು ಹೇಗೆ ವಿವರಿಸುವುದು?
(ತಾಯಿ, ಮಂಗಳೂರು)

ಉತ್ತರ: ಮನೆಮಾತು ಕೊಂಕಣಿಯಾದರೆ ಅರ್ಧ ಕೆಲಸ ಆಗಿಯೇ ಇದೆ. ‘ನಾನು’ ಎನ್ನುವ ‘ಹಾಂವ್’ ಹೇಳಿಸಿ ನೋಡಿ. ಅಲ್ಲಿ ನಾಲಿಗೆ ಎಲ್ಲಿಗೂ ತಾಗುವುದಿಲ್ಲ, ಸ್ವರವೇ ಮೂಗಿಗೆ ಹೋಗುತ್ತದೆ. ಫ್ರೆಂಚಿಗೆ ಬೇಕಾದ್ದು ಅದೇ. ಕನ್ನಡದ ಅನುಸ್ವಾರ ಹಾಗಲ್ಲ. ‘ಅಂತ’ದಲ್ಲಿ ನಾಲಿಗೆ ಹಲ್ಲಿಗೆ ಹೋಗಿ ‘ನ್’ ಆಗುತ್ತದೆ, ‘ಅಂಬು’ವಿನಲ್ಲಿ ತುಟಿ ಮುಚ್ಚಿ ‘ಮ್’ ಆಗುತ್ತದೆ. ಆದ್ದರಿಂದ ಫ್ರೆಂಚ್ ಪದವನ್ನು ‘ಂ’ ಹಾಕಿ ಬರೆದುಕೊಳ್ಳುವುದು ಅಪಾಯ.

ನಿಯಮ ತುಂಡಿನಲ್ಲೇ ಇದೆ. ‘ಎನ್’ ಅಥವಾ ‘ಎಂ’ ತುಂಡಿನ ಕೊನೆಯಲ್ಲಿ ಸಿಕ್ಕಿಬಿದ್ದರೆ ಸ್ವರ ಮೂಗಿಗೆ ಹೋಗುತ್ತದೆ: ಪುಲ್ಲಿಂಗದ ಒಳ್ಳೆಯ, ಬೋಁ. ಮುಂದೆ ಸ್ವರವಿದ್ದರೆ, ಅಥವಾ ಅಕ್ಷರ ಎರಡಾಗಿದ್ದರೆ, ಅದು ಬರೇ ವ್ಯಂಜನ: ಸ್ತ್ರೀಲಿಂಗದ ಒಳ್ಳೆಯ, ಬೊನ್. ‘ನಂಬಲಾಗದ’ ಎಁ-ಕ್ರ್ವಾ-ಯಾಬ್ಲ್, ಆದರೆ ‘ಒಪ್ಪಲಾಗದ’ ಇ-ನಾಕ್-ಸೆಪ್-ತಾಬ್ಲ್. ಶುರುವಿನ ‘ಐ-ಎನ್’ ಎರಡರಲ್ಲೂ ಒಂದೇ. ಎರಡನೆಯದರಲ್ಲಿ ‘ಎನ್’ ಮುಂದಿನ ತುಂಡಿಗೆ ಹಾರಿದೆ, ಅಷ್ಟೇ. ತುಂಡು ತಪ್ಪಿಸಿದರೆ ಧ್ವನಿಯೂ ತಪ್ಪುತ್ತದೆ ಎನ್ನುವುದು ಇದಕ್ಕೇ. ಹೊರತಾದವು ಕೆಲವಿವೆ: ಕರೆದುಕೊಂಡು ಹೋಗು ಎಂಬ ಪದದಲ್ಲಿ ‘ಎಂ’ ಎರಡಿದ್ದರೂ ಆಁಮ್-ನೇ.

ಕನ್ನಡಿ ಹಿಡಿದು ಪರೀಕ್ಷಿಸಿ. ‘ಬೋಁ’ ಮುಗಿದಾಗ ತುಟಿ ತೆರೆದಿರಬೇಕು, ನಾಲಿಗೆಯ ತುದಿ ಕೆಳಗೆ ಮಲಗಿರಬೇಕು. ತುದಿ ಮೇಲೆದ್ದರೆ ‘ಬೋನ್’ ಆಗಿದೆ. ಅಭ್ಯಾಸಕ್ಕೆ ‘ಒಂದು ಒಳ್ಳೆಯ ಬಿಳಿ ವೈನ್’ ಎಂಬ ಫ್ರೆಂಚ್ ಮಾತು ಚೆನ್ನಾಗಿದೆ: ಎ°ಁ ಬೋಁ ವೆಁ ಬ್ಲಾಁ. ನಾಲ್ಕು ಪದ, ನಾಲ್ಕು ಮೂಗಿನ ಸ್ವರ. ಪ್ಯಾರಿಸಿನ ಹೆಚ್ಚಿನವರು ಮೊದಲನೆಯದನ್ನೂ ‘ಎಁ’ ಎಂದೇ ಹೇಳುವುದರಿಂದ ಅದು ಕಷ್ಟವಾದರೆ ಬಿಡಿ.

ಪ್ರಶ್ನೆ: ಫ್ರೆಂಚಿನ ‘ಯು’ ನಮ್ಮ ತುಳುವಿನ ಅರೆ ಉಕಾರದ ಹಾಗೆಯೇ ಅಲ್ಲವೇ?
(ಓದುಗರು, ಉಡುಪಿ)

ಉತ್ತರ: ಅಲ್ಲ, ಹೆಚ್ಚುಕಡಿಮೆ ಅದರ ತಿರುವುಮುರುವು. ತುಳುವಿನ ಅರೆ ಉಕಾರದಲ್ಲಿ ನಾಲಿಗೆ ಹಿಂದೆ, ತುಟಿ ಚಪ್ಪಟೆ. ಫ್ರೆಂಚಿನದ್ದರಲ್ಲಿ ನಾಲಿಗೆ ಮುಂದೆ, ತುಟಿ ದುಂಡಗೆ. ‘ಇ’ ಎಂದು ಎಳೆದು ಹಿಡಿಯಿರಿ, ನಾಲಿಗೆಯನ್ನು ಅಲುಗಿಸದೆ ಸಿಳ್ಳೆ ಹಾಕುವ ಹಾಗೆ ತುಟಿ ಮಾತ್ರ ಮುಂದೆ ತನ್ನಿ. ಬಂದದ್ದೇ ‘ಇ°’. ‘ಯು’ ಎಂದು ಎರಡು ಧ್ವನಿ ಮಾಡಬೇಡಿ. ಬೀದಿ ‘ರಿ°’, ಚಕ್ರ ‘ರೂ’. ಮೇಲೆ ಎಂಬುದು ‘ದ-ಸಿ°’, ಕೆಳಗೆ ಎಂಬುದು ‘ದ-ಸೂ’. ಇಲ್ಲಿ ತಪ್ಪಿದರೆ ಅರ್ಥ ನೇರ ಉಲ್ಟಾ.

ತುಳು ನಿಮಗೆ ನೆರವಾಗುವುದು ಬೇರೆ ಕಡೆ. ‘ಯಾನ್ ಬತ್ತೆ’ ಮತ್ತು ‘ಆಯೆ ಬತ್ತೆ’ಗಳ ಕೊನೆಯ ಸ್ವರ ಬರಹದಲ್ಲಿ ಒಂದೇ ಕಂಡರೂ ಕಿವಿಗೆ ಬೇರೆ: ಮೊದಲನೆಯದು ಅಗಲ, ಎರಡನೆಯದು ಕಿರಿದು. ಫ್ರೆಂಚಿನಲ್ಲಿ ‘ಮಾತಾಡಿದ’ ಎಂಬ ಕೃದಂತ ಪಾರ್-ಲೇ, ‘ಮಾತಾಡುತ್ತಿದ್ದ’ ಪಾರ್-ಲೆ. ವ್ಯತ್ಯಾಸ ಅದೇ. ತುಳು ಕಿವಿಗೆ ಇದು ಹೊಸತಲ್ಲ.

ಪ್ರಶ್ನೆ: ಕೆನಡಾದ ಕೆಬೆಕ್‌ನಲ್ಲಿ ನರ್ಸ್ ಕೆಲಸಕ್ಕೆ ಪ್ರಯತ್ನಿಸುತ್ತಿದ್ದೇನೆ. ವೈದ್ಯಕೀಯ ಪದಗಳು ಇಂಗ್ಲಿಷಿನ ಹಾಗೇ ಕಾಣುತ್ತವೆ, ಹೇಳಿದರೆ ಯಾರಿಗೂ ತಿಳಿಯುವುದಿಲ್ಲ.
(ನರ್ಸ್, ಬಜ್ಪೆ)

ಉತ್ತರ: ಕಾಣುವುದು ಒಂದೇ ಆದ್ದರಿಂದಲೇ ಮೋಸ. ಇಂಗ್ಲಿಷಿನಲ್ಲಿ ನ್ಯುಮೋನಿಯಾದ ‘ಪಿ’ ಮೌನ. ಫ್ರೆಂಚಿನಲ್ಲಿ ಅದು ಕೇಳಲೇಬೇಕು: ಪ್ನೇ°-ಮೊ-ನಿ. ಮನಶ್ಶಾಸ್ತ್ರವೂ ‘ಪ್ಸಿ’ ಎಂದೇ ಶುರು: ಪ್ಸಿ-ಕೊ-ಲೊ-ಝಿ. ಅದರಲ್ಲಿ ‘ಸಿ-ಎಚ್’ ಗ್ರೀಕ್ ಮೂಲದ್ದಾದ್ದರಿಂದ ‘ಕ’. ಸರ್ಜನ್ನಿಗೆ ಶಿ-ರಿ°ರ್-ಝ್ಯೆಁ, ಇದೂ ಗ್ರೀಕ್ ಮೂಲದ್ದೇ, ಆದರೆ ‘ಶ’. ಬಾಯಿಪಾಠ ಮಾಡುವುದೇ ದಾರಿ. ಇಸಿಜಿಯ ಪೂರ್ಣ ಹೆಸರು ಏ-ಲೆಕ್-ತ್ರೊ-ಕಾರ್-ದ್ಯೊ-ಗ್ರಾಮ್, 6 ತುಂಡು. ಕಿವಿ-ಮೂಗು-ಗಂಟಲು ತಜ್ಞರಿಗೆ ಒ-ತೊ-ರಿ-ನೊ-ಲಾ-ರೆಁ-ಗೊ-ಲೊ-ಝಿಸ್ತ್, 9 ತುಂಡು. ಆಸ್ಪತ್ರೆಯಲ್ಲಿ ‘ಒ-ಎರ್-ಎಲ್’ ಎನ್ನುವುದೇ ರೂಢಿ. ದಿನಾ ಬೇಕಾದವು: ನರ್ಸ್ ಎಁ-ಫಿರ್-ಮ್ಯೆರ್, ಮದ್ದು ಮೇ-ದಿ-ಕಾ-ಮಾಁ, ಮದ್ದಿನ ಚೀಟಿ ಒರ್-ದೊ-ನಾಁಸ್.

ಕೆಬೆಕ್‌ನಲ್ಲಿ ಒಂದು ವಿಶೇಷ. ‘ಇ’ ಮತ್ತು ‘ಇ°’ ಮುಂದೆ ಬಂದ ‘ತ್’ ಅಲ್ಲಿ ‘ತ್ಸ್’ ಆಗುತ್ತದೆ, ‘ದ್’ ‘ದ್ಜ಼್’ ಆಗುತ್ತದೆ. ಮದ್ದು ಅಲ್ಲಿಯವರ ಬಾಯಲ್ಲಿ ಮೇ-ದ್ಜ಼ಿ-ಕಾ-ಮಾಁ. ನೀವು ಹಾಗೆ ಹೇಳಬೇಕೆಂದಿಲ್ಲ, ಕೇಳಿದಾಗ ಗುರುತು ಸಿಕ್ಕಿದರೆ ಸಾಕು. ಗಂಟಲಿನ ‘ರ’ಗೆ ಬಾಯಿ ಮುಕ್ಕಳಿಸುವಾಗ ಧ್ವನಿ ಬರುವ ಜಾಗವನ್ನು ಹುಡುಕಿ. ಬರಲಿಲ್ಲವೆಂದಾದರೆ ನಮ್ಮ ‘ರ’ವನ್ನೇ ಮೆತ್ತಗೆ ಹೇಳಿ, ಅರ್ಥವಾಗುತ್ತದೆ.

ಪ್ರಶ್ನೆ: ಉತ್ತರ ಪತ್ರಿಕೆಯಲ್ಲಿ ಸಾಲಿನ ಕೊನೆಗೆ ಪದ ಹಿಡಿಸದಿದ್ದರೆ ಎಲ್ಲಿ ಒಡೆಯಬೇಕು?
(ವಿದ್ಯಾರ್ಥಿ, ಪುತ್ತೂರು)

ಉತ್ತರ: ಬರಹದ ತುಂಡಿನಲ್ಲಿ, ಮಾತಿನ ತುಂಡಿನಲ್ಲಲ್ಲ. ಎರಡೆರಡು ಸಲ ಬಂದ ವ್ಯಂಜನವನ್ನು ಒಂದೇ ಧ್ವನಿಯಾದರೂ ನಡುವೆ ಒಡೆಯಬೇಕು. ಎರಡು ಸ್ವರಾಕ್ಷರಗಳ ನಡುವೆ ಒಡೆಯಬೇಡಿ. ಸ್ವರಗಳ ನಡುವಿನ ‘ಎಕ್ಸ್’, ‘ವೈ’ಗಳ ಹಿಂದೆ ಮುಂದೆಯೂ ಬೇಡ. ಅಪಾಸ್ಟ್ರಫಿ ಆದ ತಕ್ಷಣ ಸಾಲು ಮುರಿಯಬೇಡಿ, ಒಂದೇ ಅಕ್ಷರವನ್ನು ಒಂಟಿಯಾಗಿ ಬಿಡಬೇಡಿ. ಸಂಶಯವಿದ್ದರೆ ಇಡೀ ಪದವನ್ನು ಕೆಳಗಿನ ಸಾಲಿಗೆ ತೆಗೆದುಕೊಂಡು ಹೋಗಿ.

ಪ್ರಶ್ನೆ: ಒಂದೊಂದೇ ಪದ ಸರಿ ಹೇಳುತ್ತೇನೆ, ವಾಕ್ಯ ಕೇಳಿದಾಗ ಪದಗಳೇ ಗುರುತು ಸಿಗುವುದಿಲ್ಲ. ಯಾಕೆ?
(ಓದುಗರು, ಕುಂದಾಪುರ)

ಉತ್ತರ: ವಾಕ್ಯದಲ್ಲಿ ತುಂಡುಗಳು ಪದದ ಗಡಿ ದಾಟುವುದರಿಂದ. ‘ಗೆಳೆಯರು’ ಎಂಬುದಕ್ಕೆ ಲೇ ಮತ್ತು ಆ-ಮಿ ಸೇರಿ ಲೇ-ಜ಼ಾ-ಮಿ ಆಗುತ್ತದೆ. ಬರಹದಲ್ಲಿ ಮೌನವಾಗಿದ್ದ ‘ಎಸ್’ ಸ್ವರ ಸಿಕ್ಕಿದ ಕೂಡಲೇ ‘ಜ಼’ ಆಗಿ ಎದ್ದು ಬರುತ್ತದೆ. ‘ಅವನು ಬರುತ್ತಾನೆ’ ಇ-ಲಾ-ರೀವ್. ನಮ್ಮ ಸಂಧಿಯ ಹಾಗೆ ನೋಡಿದರೆ ಹೆದರಿಕೆ ಇಲ್ಲ. ‘ಮನೆ’ಗೆ ‘ಅಲ್ಲಿ’ ಸೇರುವಾಗ ಎರಡು ಸ್ವರ ಎದುರಾಗದಂತೆ ಯಕಾರ ಆಗಮವಾಗುತ್ತದೆ. ಫ್ರೆಂಚಿನವರು ‘ಇದೆಯೇ’ ಎಂದು ಕೇಳುವಾಗ ಯಾ ಮತ್ತು ಇಲ್ ನಡುವೆ ಒಂದು ತಕಾರ ತಂದು ಯಾ-ತಿಲ್ ಎನ್ನುತ್ತಾರೆ. ಅದೂ ಆಗಮವೇ.

‘ಎಚ್’ ಯಾವತ್ತೂ ಕೇಳುವುದಿಲ್ಲ. ಮಂಗಳೂರಿನಿಂದ ಕೋಯಿಕ್ಕೋಡಿಗೆ ಹೋಗುವಾಗ ಸಿಗುವ, 1954ರವರೆಗೆ ಫ್ರೆಂಚರ ಕೈಯಲ್ಲಿದ್ದ ಮಾಹೆಯನ್ನು ಅವರು ‘ಮಾ-ಏ’ ಎನ್ನುತ್ತಾರೆ. ಆದರೆ ಶುರುವಿನ ಕೆಲವು ‘ಎಚ್’ ಮೌನವಾಗಿಯೂ ಸಂಧಿಯನ್ನು ತಡೆಯುತ್ತವೆ. ‘ಹೋಟೆಲು’ಗೆ ತಡೆ ಇಲ್ಲ: ಎಁ-ನೋ-ತೆಲ್. ‘ವೀರರು’ಗೆ ತಡೆ ಇದೆ: ಲೇ-ಏ-ರೋ. ಅಲ್ಲಿ ಸಂಧಿ ಮಾಡಿ ಲೇ-ಜ಼ೇ-ರೋ ಎಂದರೆ ‘ಸೊನ್ನೆಗಳು’ ಎಂದಾಗುತ್ತದೆ. ವೀರವನಿತೆಯರಿಗೆ ಮತ್ತೆ ಸಂಧಿ ಇದೆ: ಲೇ-ಜ಼ೇ-ರೊ-ಇನ್. ಯಾವುದಕ್ಕೆ ತಡೆ ಎಂದು ನಿಘಂಟುಗಳು ಪದದ ಮುಂದೆ ನಕ್ಷತ್ರ ಅಥವಾ ಅಪಾಸ್ಟ್ರಫಿ ಹಾಕಿ ತೋರಿಸುತ್ತವೆ. ಹೊಸ ಪದ ಬರೆದುಕೊಳ್ಳುವಾಗ ಆ ಗುರುತನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ.